ಇಂಟರ್‌ವಲ್ ಟೀ

ಕೂಲಿಯವನೊಬ್ಬ ಸೂಪರ್‌ಹೀರೋ ಆಗುವ ಸಿನಿಮಾ. ಕೇರಿಯವರಿಗೆಂದೇ ಇಟ್ಟಿದ್ದ ತೆಂಗಿನ ಚಿಪ್ಪಿನಲ್ಲಿ ಟೀ ಹೊಯ್ದಾಗ ತೆರೆಯ ಮೇಲಿನ ಹೀರೋ ಆ ಚಿಪ್ಪನ್ನು ಹೋಟೆಲಿನವನ ಮುಂದೆಯೇ ಒಡೆದ. ಚಳ್ಳಕೆರೆಯ ಟಾಕೀಸಿನಲ್ಲಿ ಎಲ್ಲರಿಗಿಂತ ಜೋರಾಗಿ ಶಿಳ್ಳೆ ಹೊಡೆದವನು, ಬಿ.ಜಿ. ಕೆರೆಯಲ್ಲಿ ಹಿಂದೆ ಹೋಟೆಲಿಟ್ಟಿದ್ದ ಹನುಮಂತರಾಜು.

“ಹಾರಲ್ಲ, ಮಾಯ ಆಗಲ್ಲ, ನಮ್ಮಂಗೇ ಮನುಷ್ಯ. ಇವ್ನು ಹೀರೋ ಕಣೋ ತಿಪ್ಪಯ್ಯ!”

“ನಾನೂ ಒಡ್ದಿದ್ದೆ ರಾಜಣ್ಣ, ನಿಮ್ ಹೋಟ್ಲಾಗೆ. ಕಂಬಕ್ಕೆ ಕಟ್ಟಿಸಿದ್ರಿ,” ಎಂದ ಪಕ್ಕದಲ್ಲಿ ಕೂತಿದ್ದ, ಅದೇ ಊರಿನ ಕೇರಿಯ ತಿಪ್ಪಯ್ಯ.

“ಆ ಕಾಲ ಹೋತು ಬಿಡೋ.”

ಇಂಟರ್‌ವಲ್‌ನಲ್ಲಿ ಹನುಮಂತರಾಜು ಎರಡು ಕಪ್ ಟೀ ತಂದ. ತನ್ನದನ್ನು ಕೈಯಲ್ಲಿ ಹಿಡಿದು, ತಿಪ್ಪಯ್ಯನದನ್ನು ಅವನ ಕಾಲ ಬಳಿ ನೆಲಕ್ಕಿಟ್ಟ. ಹಾಗೆ ಇಟ್ಟದ್ದು ಅವನಿಗೇ ಗೊತ್ತಾಗಲಿಲ್ಲ.

ತಿಪ್ಪಯ್ಯ ಬಗ್ಗಲಿಲ್ಲ. ಕಪ್ಪನ್ನೇ ನೋಡುತ್ತಾ ಹೇಳಿದ:

“ಎತ್ತಲೇ ಅದನ್ನ. ಎತ್ತಿ ನನ್ ಕೈಗೆ ಕೊಡು.”