ಮೂವರ ಕಾವಲು

ಬಾಸ್ಕೆಟ್‌ಬಾಲ್ ಅಂಕಣದಲ್ಲಿ ಎದುರಾಳಿಗಳು ಮೂವರು ಯಾವಾಗಲೂ ತುಳಸಿಯನ್ನೇ ಮುತ್ತುತ್ತಿದ್ದರು. ಹತ್ತು ಸಲ ಎಸೆದರೆ ಬುಟ್ಟಿಗೆ ಬೀಳುವುದು ಮೂರೇ. ರಾಜ್ಯ ತಂಡಕ್ಕೆ ನಾಳೆಯದೇ ಅವಳ ಕೊನೆಯ ಆಯ್ಕೆ ಪಂದ್ಯ.

ಆರು ವರ್ಷದಿಂದ ತನಗೆ ಬರೀ ಪಾಸ್ ಕೊಡುತ್ತಿದ್ದ ಜೊತೆ ಆಟಗಾರ್ತಿ ಫಿಲೋಮಿನಾಳ ಕೈಯನ್ನು ತುಳಸಿ ಹಿಡಿದಳು. "ನಾಳೆ ನೀನೂ ಶೂಟ್ ಮಾಡೇ. ಬೀಳದಿದ್ರೂ ಪರವಾಗಿಲ್ಲ, ಒಬ್ಬಳಾದ್ರೂ ನನ್ನ ಬಿಟ್ಟು ನಿನ್ನ ಹತ್ರ ಬರಲಿ."

ಫಿಲೋಮಿನಾ ಆಯ್ಕೆಗಾರರ ಮೂಗುದನಿಯನ್ನು ಅಣಕಿಸಿದಳು. "ಏನಮ್ಮಾ, ನಿನಗೂ ಬುಟ್ಟಿ ಕಾಣುತ್ತಾ?"

"ತಮಾಷೆ ಬೇಡ ಕಣೇ, ನಿನ್ನ ಕಾಲಿಗೆ ಬೀಳ್ತೀನಿ."

ಮರುದಿನ ಫಿಲೋಮಿನಾ ಎಸೆದದ್ದೆಲ್ಲ ಬಿತ್ತು. ಕಾವಲಿನ ಇಬ್ಬರು ಅವಳತ್ತ ಓಡಿದರು. ತುಳಸಿಗೆ ಹತ್ತಕ್ಕೆ ಎಂಟು.

ಆಯ್ಕೆಗಾರರು ತುಳಸಿಯನ್ನು ಕರೆದರು. "ಇಂಥವಳನ್ನ ಪಕ್ಕದಲ್ಲಿಟ್ಕೊಂಡು ಆರು ವರ್ಷ ನೀನೊಬ್ಬಳೇ ಎಸೆದ್ಯಲ್ಲಮ್ಮ, ನಿನ್ನಂಥ ಸ್ವಾರ್ಥೀನ ತಂಡಕ್ಕೆ ಹೇಗೆ ಸೇರಿಸಲಿ?"