ಒಂದೇ ಸೀಸೆಯ ಔಷಧ

ಫಿನಾಯಿಲ್ ವಾಸನೆ ಬಂದರೆ ನನಗೆ ಇಂದಿಗೂ ವಾಕರಿಕೆ ಬರುತ್ತದೆ.

ಲಿಂಗಸುಗೂರಿನ ದವಾಖಾನೆಯ ಗೋಡೆಯ ಮೇಲೆ ಯಾರೋ ಕಫ ಉಗುಳಿದ್ದರು. ಥೂ! ಅದಕ್ಕೆ ನೊಣ ಮುತ್ತಿದ್ದವು. ಔಷಧ ಹಾಕಿಸಿಕೊಳ್ಳಲು ಅವ್ವ ಮನೆಯಿಂದ ಎಣ್ಣೆಯ ಸೀಸೆ ತಂದಿದ್ದಳು. ಅದರ ಕಮಟು ಹೋಗಿರಲಿಲ್ಲ.

“ನಮ್ಮತ್ತಿಗೆ ಕೆಮ್ಮು ಐತ್ರಿ, ಈಕಿ ಅಪ್ಪಗ ಹೊಟ್ಟಿನೋವು, ಈಕಿಗೆ ಮೈಯೆಲ್ಲಾ ತುರಿ...” ಎಂದು ಅವ್ವ ನನ್ನನ್ನು ಮುಂದೆ ತಳ್ಳಿದಳು.

ಡಾಕ್ಟರು ನನ್ನ ಕೀವುಗಟ್ಟಿದ ಬೆರಳು ನೋಡಿ ಮುಖ ತಿರುಗಿಸಿದರು. “ಸೀಸೆ ಒಂದ ತಂದೀಯಲ್ಲ? ಔಷಧಾನೂ ಒಂದ. ನಡಿ.”

ಅವ್ವ ಬಾಯಿಗೆ ಸೆರಗು ಹಿಡಿದು, “ನಂದೂ ಒಂದು ಐತ್ರಿ...” ಎಂದು ದನಿ ತಗ್ಗಿಸಿದಳು. ಅಷ್ಟರಲ್ಲಿ ಜವಾನ ಮುಂದಿನವರನ್ನು ಒಳಗೆ ನೂಕಿದ.

ದವಾಖಾನೆಯಲ್ಲಿ ಸೀಸೆಗೆ ಹಾಕಿಕೊಟ್ಟ, ಎಣ್ಣೆ ತೇಲುತ್ತಿದ್ದ ಕೆಂಪು ನೀರನ್ನು ಮನೆಮಂದಿಯೆಲ್ಲ ಮೂಗು ಹಿಡಿದು ಕುಡಿದೆವು. ಎಲ್ಲ ಮುಗಿದ ಮೇಲೆ ಅವ್ವ ಸೀಸೆಗೆ ನೀರು ಹಾಕಿ ಕುಲುಕಿ, ಆ ತೊಳೆದ ನೀರನ್ನು ತಾನು ಕುಡಿದಳು.