ಗೋಡೆಯಾಚೆಯ ನರಸಿಂಹ

ರೋಹಿಣಿ ಎಂದಿರಬೇಕಾದಲ್ಲಿ ‘ರೋಣಿಹಿ’ ಎಂದಿತ್ತು. ಯೋಗಾನರಸಿಂಹನ ಕಿವಿ ಬಿಸಿಯಾಯಿತು.

ಅದು ಅವನದೇ ತಪ್ಪು. ಇವತ್ತು ಬೆಳಗ್ಗೆ ಪಂಚಾಂಗ ಟೈಪು ಮಾಡುವಾಗ ಬೆರಳು ಜಾರಿತ್ತು. ಊಟವಾದ ಮೇಲೆ ತಿದ್ದೋಣವೆಂದು ಬಿಟ್ಟಿದ್ದ. ಈಗ ಅದೇ ತಪ್ಪು ತಮ್ಮನ ಕಂಪ್ಯೂಟರಿನಲ್ಲಿ!

ಹೊಳೆನರಸೀಪುರದ ಆ ಮನೆ ಎರಡು ಪಾಲಾಗಿ ವರ್ಷವಾಗಿತ್ತು. ಅಣ್ಣತಮ್ಮಂದಿರು ಸೇರಿ ಪಂಚಾಂಗ ಮಾಡಲಿ ಎಂದು ತಂದೆ ಬದುಕಿದ್ದಾಗ ಇಬ್ಬರ ಕಂಪ್ಯೂಟರಿಗೂ ತಂತಿ ಎಳೆಸಿ, ಎರಡರಲ್ಲೂ ‘ಪಂಚಾಂಗ’ ಎಂಬ ಫೋಲ್ಡರನ್ನು ಹಂಚಿಕೆಗೆ ತೆರೆಸಿದ್ದರು. ನಡುಮನೆಗೆ ಗೋಡೆ ಎಬ್ಬಿಸಿದವರು ತಂತಿ ಕತ್ತರಿಸಿರಲಿಲ್ಲ. ಅದರ ಸುತ್ತಲೇ ಗಾರೆ ಮೆತ್ತಿದ್ದರು. ಈಗ ಇಬ್ಬರದೂ ಬೇರೆ ಬೇರೆ ಪಂಚಾಂಗ. ಹಾಸನದ ಮುದ್ರಕರು ತಂದೆಯ ಹೆಸರಿನಲ್ಲಿ ಒಂದನ್ನೇ ಅಚ್ಚು ಹಾಕುವವರು. ನಾಳೆ ಯಾರು ಮೊದಲು ತಂದರೆ ಅವರದು.

“ಈ ಸಲ ನಿಂದು ಅಚ್ಚಾಗಲ್ಲ ಬಿಡಣ್ಣ,” ಎಂದು ತಮ್ಮ ಲಕ್ಷ್ಮೀನರಸಿಂಹ ಮೊನ್ನೆ ಹಿತ್ತಲಿನಿಂದ ಕೂಗಿದ್ದ. ಆ ಧೈರ್ಯ ಎಲ್ಲಿಂದ ಬಂತೆಂಬುದು ಈಗ ತಿಳಿಯಿತು.

ಆ ಮಾತಿನ ಅನುಮಾನಕ್ಕೇ ಯೋಗಾನರಸಿಂಹ ಇವತ್ತು ಮೊದಲ ಸಲ ‘ನೆಟ್‌ವರ್ಕ್ ನೈಬರ್‌ಹುಡ್’ ತೆರೆದಿದ್ದ. ತಂತಿಗೆ ಸೇರಿ ಚಾಲೂ ಇರುವ ಕಂಪ್ಯೂಟರುಗಳನ್ನೆಲ್ಲ ತೋರಿಸುವ ನೆರೆಹೊರೆ. ಅಲ್ಲಿ ಕಂಡದ್ದು ಒಂದೇ ಕಂಪ್ಯೂಟರು, ತಂತಿ ಎಳೆದವನು ಅದಕ್ಕಿಟ್ಟ ಹೆಸರು ‘ನರಸಿಂಹ’. ಅದರೊಳಗೆ ಪಂಚಾಂಗದ ಫೋಲ್ಡರು. ಅದರೊಳಗೆ ತನ್ನದೇ ಲೆಕ್ಕ, ಸಾಲಿಗೆ ಸಾಲು.

ಹೆಂಡತಿ ಗೋದಮ್ಮ ಕಾಫಿ ತಂದಿಟ್ಟಳು.

“ಕಳ್ಳ. ನಂದನ್ನೆಲ್ಲ ಎತ್ತಿ ಹಾಕ್ಕೊಂಡಿದಾನೆ ಕಣೇ.”

“ಇಬ್ರೂ ಮಾವನವರ ಹತ್ರಾನೇ ಕಲಿತೋರು. ಲೆಕ್ಕ ಒಂದೇ ಬಂದಿರಬಹುದಲ್ಲ?”

“ಸರಿ ಇರೋದು ಇಬ್ಬರಿಗೂ ಒಂದೇ ಬರುತ್ತೆ. ತಪ್ಪೂ ಒಂದೇ ಬರಬೇಕಾದ್ರೆ ಕದ್ದೇ ಇರಬೇಕು.” ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದವನಿಗೆ ತನ್ನ ತರ್ಕ ಬಹಳ ಹಿಡಿಸಿತು. “ಈಗಲೇ ಎಲ್ಲ ಅಳಿಸ್ತೀನಿ.”

“ಹಾಗಂತ ಅಳಿಸಿಬಿಡ್ತೀರಾ?”

“ನಾಳೆ ಹಾಸನಕ್ಕೆ ಏನು ಹೊತ್ಕೊಂಡು ಹೋಗ್ತಾನೋ ನೋಡೇಬಿಡೋಣ.”

ಎಲ್ಲವನ್ನೂ ಆರಿಸಿ ಡಿಲೀಟ್ ಒತ್ತಿದ. ಯಾವಾಗಲೂ ರೀಸೈಕಲ್ ಬಿನ್ನಿಗೆ ಹಾಕಲೇ ಎಂದು ಕೇಳುವ ಯಂತ್ರ ಈ ಸಲ ಅಳಿಸಲೇ ಎಂದಷ್ಟೇ ಕೇಳಿತು. ನೆಟ್‌ವರ್ಕಿನ ಮೂಲಕ ಅಳಿಸಿದ್ದು ಮತ್ತೆ ಸಿಕ್ಕುವುದಿಲ್ಲವೆಂದು ಅವನು ಓದಿದ್ದ. ಇನ್ನೂ ಒಳ್ಳೆಯದು. ಚೈತ್ರದಿಂದ ಫಾಲ್ಗುಣದವರೆಗೆ ಇಡೀ ವರ್ಷ ಹೋಯಿತು.

ನೆಮ್ಮದಿಯಾಗಿ ಕಾಫಿ ಗುಟುಕರಿಸಿದ. “ಗೋಡೆಗೆ ಕಿವಿ ಕೊಟ್ಟು ಕೇಳು. ಈಗ ಕೂಗಾಡ್ತಾನೆ.”

“ಯಾರು ಕೂಗಾಡೋದು? ವಾರಗಿತ್ತಿ ನಲ್ಲಿ ಹತ್ರ ಅಂದ್ಲು, ಅವರ ಕಂಪ್ಯೂಟರು ನಿನ್ನೆ ಸಂಜೇನೇ ಕೆಟ್ಟೋಯ್ತಂತೆ. ನಿಮ್ಮ ತಮ್ಮ ಬೆಳಗ್ಗೆ ಮೊದಲ ಬಸ್ಸಿಗೇ ಅದನ್ನ ಹೊತ್ಕೊಂಡು ಚನ್ನರಾಯಪಟ್ಟಣಕ್ಕೆ ಹೋದ್ರು, ರಿಪೇರಿಗೆ.”

ಯೋಗಾನರಸಿಂಹ ಲೋಟ ಕೆಳಗಿಟ್ಟು ತನ್ನ ಪಂಚಾಂಗದ ಫೋಲ್ಡರನ್ನು ತೆರೆದ.

ಖಾಲಿಯಾಗಿತ್ತು. ಆ ನೆರೆಹೊರೆಯಲ್ಲಿದ್ದ ಒಬ್ಬನೇ ನರಸಿಂಹ ಅವನೇ.